ಕೀಲುಗಳಲ್ಲಿ ಹರಳು: ಗೌಟ್ ಮತ್ತು ಅದರ ಸಜಾತೀಯ ವ್ಯಾಧಿಗಳ ನಿದಾನ ಹಾಗೂ ಚಿಕಿತ್ಸೆ

೧. ಪೀಠಿಕೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲ್ಲೂಕುಗಳು ಪಶ್ಚಿಮಘಟ್ಟದ ಬುಡದಿಂದ ಸಮುದ್ರದ ಅಂಚಿನವರೆಗೆ ಹಬ್ಬಿರುವ ಕಿರಿದಾದ ನಾಡು. ಇಲ್ಲಿಯ ಜನರಲ್ಲಿ ಬಹುಮಂದಿ ಗದ್ದೆಯಲ್ಲಿ, ತೋಟದಲ್ಲಿ, ದೋಣಿಯಲ್ಲಿ ಮೈಮುರಿದು ದುಡಿಯುವವರು. ಊರು ಬಿಟ್ಟು ಹೋದವರಲ್ಲಿ ಅನೇಕರು ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ನಡೆಸಿದವರು. ಯಾವ ಕಸುಬಿನವರಾದರೂ ಸರಿಯೆ, ಕೀಲು ಹಿಡಿದುಕೊಂಡರೆ ಕೆಲಸ ನಿಂತಿತೆಂದೇ ಲೆಕ್ಕ. ಹಾಗೆ ಕೀಲು ಹಿಡಿದಾಗ ಅದಕ್ಕೆ ಸಾಮಾನ್ಯವಾಗಿ ಕೊಡುವ ಹೆಸರು ‘ವಾತ’, ‘ವಾಯು’ ಅಥವಾ ‘ಗಂಟುನೋವು’. ಹೆಸರು ಒಂದೇ ಆದುದರಿಂದ ಮದ್ದೂ ಒಂದೇ ಆಗಿಬಿಡುತ್ತದೆ. ಅಂಗಡಿಯಲ್ಲಿ ಸಿಕ್ಕುವ ನೋವಿನ ಗುಳಿಗೆಯನ್ನು ನುಂಗಿ, ಎರಡು ದಿನ ಕಳೆದು, ರೋಗಿ ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಈಚೆಗೆ ‘ಯೂರಿಕ್ ಆಮ್ಲ’ ಎಂಬ ಮಾತೂ ಜನರ ಬಾಯಲ್ಲಿ ಓಡಾಡುತ್ತಿದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಅದರ ಅಂಕಿ ತುಸು ಹೆಚ್ಚಿದ್ದರೆ ಸಾಕು, ಮೊಣಕಾಲಿನ ನೋವಾಗಲಿ ಬೆನ್ನಿನ ನೋವಾಗಲಿ ಎಲ್ಲವನ್ನೂ ಅದರ ತಲೆಗೇ ಕಟ್ಟಿ, ಮೀನು, ಬೇಳೆ, ಟೊಮ್ಯಾಟೊ ಇವುಗಳನ್ನೆಲ್ಲ ಬಿಡುವವರು ಉಂಟು.

ಇವೆರಡೂ ದಾರಿ ತಪ್ಪಿದ ನಡೆಗಳು. ಕೀಲುಗಳಲ್ಲಿ ಹರಳು ನಿಲ್ಲುವುದರಿಂದ ಹುಟ್ಟುವ ರೋಗಗಳು ಒಂದು ಪ್ರತ್ಯೇಕ ವರ್ಗ. ಅವುಗಳಲ್ಲಿ ಮುಖ್ಯವಾದ ಗೌಟ್, ವೈದ್ಯಶಾಸ್ತ್ರ ಬಲ್ಲ ದೀರ್ಘಕಾಲಿಕ ಕೀಲುರೋಗಗಳಲ್ಲೆಲ್ಲ ಅತ್ಯಂತ ಸಮಾಧಾನಕರವಾದುದು ಎನ್ನಬಹುದು; ಏಕೆಂದರೆ ಅದರ ಕಾರಣ ತಿಳಿದಿದೆ, ಆ ಕಾರಣವನ್ನು ಕಣ್ಣಿಂದ ಕಾಣಬಹುದು, ಔಷಧದಿಂದ ಕರಗಿಸಲೂಬಹುದು. ಹೀಗಿದ್ದೂ ಗುರುತು ತಪ್ಪಿದರೆ ಕೀಲು ಸವೆದು, ಮೂತ್ರಪಿಂಡ ಕೆಟ್ಟು, ದುಡಿಯುವ ಮನುಷ್ಯ ಮೂಲೆ ಸೇರುತ್ತಾನೆ. ಆದಕಾರಣ, ಈ ರೋಗಗಳನ್ನು ಗುರುತಿಸುವ ಬಗೆ ಯಾವುದು, ಚಿಕಿತ್ಸೆಯ ತತ್ತ್ವ ಯಾವುದು ಎಂಬುದನ್ನು ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಪ್ರತಿಪಾದಿಸುವ ಮಾತು ಎರಡೇ: ಹರಳನ್ನು ಹುಡುಕದೆ ರೋಗಕ್ಕೆ ಹೆಸರಿಡಲಾಗದು, ಹರಳು ಕರಗುವ ತನಕ ಚಿಕಿತ್ಸೆಯನ್ನು ಬಿಡಲಾಗದು.

೨. ವಿಚಾರ ಬೆಳೆದುಬಂದ ಬಗೆ

ನಮ್ಮ ಪ್ರಾಚೀನ ವೈದ್ಯರು ಇಂಥ ಕಾಯಿಲೆಯನ್ನು ಅರಿತಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೯ನೆಯ ಅಧ್ಯಾಯ ವಾತರಕ್ತವನ್ನು ಕುರಿತದ್ದು. ಕೈಕಾಲುಗಳ ಸಣ್ಣ ಸಂಧಿಗಳನ್ನು ಹಿಡಿಯುವುದು, ಸುಕುಮಾರರಿಗೆ ಮತ್ತು ಮೈಗೆ ಶ್ರಮ ಕೊಡದವರಿಗೆ ಬರುವುದು ಎಂಬ ಲಕ್ಷಣಗಳು ಅಲ್ಲಿ ಬಂದಿವೆ. ಅದಕ್ಕೆ ‘ಆಢ್ಯವಾತ’, ಎಂದರೆ ಸಿರಿವಂತರ ವಾತ, ಎಂಬ ಪರ್ಯಾಯನಾಮವೂ ಉಂಟು. ಯುರೋಪಿನಲ್ಲಿಯೂ ಗೌಟನ್ನು ಬಹುಕಾಲ ರಾಜರ ರೋಗವೆಂದೇ ಎಣಿಸಿದ್ದರು. ವಾತರಕ್ತವೆಂಬುದು ಗೌಟಿಗಿಂತ ವಿಶಾಲವಾದ ಕಲ್ಪನೆ. ಎರಡನ್ನೂ ಒಂದೇ ಎಂದು ಸಮೀಕರಿಸುವುದು ಉಚಿತವಲ್ಲ. ಹಾಗಿದ್ದರೂ ಸುಖಭೋಜನಕ್ಕೂ ಕಾಲ್ಬೆರಳ ನೋವಿಗೂ ಇರುವ ನಂಟು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಹಳೆಯ ವೈದ್ಯರ ಕಣ್ಣಿಗೆ ಬಿದ್ದಿತ್ತೆಂಬುದು ಸ್ಪಷ್ಟ.

ಹರಳಿನ ಕಥೆ ೧೬೭೯ರಲ್ಲಿ ಆರಂಭವಾಗುತ್ತದೆ. ಹಾಲೆಂಡಿನ ಲೇವನ್‌ಹುಕ್ ಗೌಟ್ ರೋಗಿಯ ಗಂಟಿನಿಂದ ಹೊರಬಂದ ಸುಣ್ಣದಂಥ ವಸ್ತುವನ್ನು ತನ್ನ ಸೂಕ್ಷ್ಮದರ್ಶಕದಲ್ಲಿಟ್ಟು, ಸೂಜಿಯಾಕಾರದ ಕಣಗಳನ್ನು ಕಂಡನು. ಅವು ಏನೆಂದು ಆತನಿಗೆ ತಿಳಿಯುವ ಮಾರ್ಗವಿರಲಿಲ್ಲ. ೧೭೭೬ರಲ್ಲಿ ಷೀಲೆ ಮೂತ್ರದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದನು. ೧೭೯೭ರಲ್ಲಿ ವೊಲ್ಲಾಸ್ಟನ್ ಗೌಟಿನ ಗಂಟುಗಳಲ್ಲಿಯೂ ಅದೇ ಆಮ್ಲದ ಲವಣವಿದೆಯೆಂದು ತೋರಿಸಿದನು. ೧೮೪೮ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರೊಡ್ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ಸಿದ್ಧಪಡಿಸಿ, ೧೮೫೪ರಲ್ಲಿ ಅದಕ್ಕೊಂದು ಸರಳ ಪರೀಕ್ಷೆಯನ್ನೂ ಪ್ರಕಟಿಸಿದನು. ಗಾಜಿನ ಬಟ್ಟಲಲ್ಲಿ ರೋಗಿಯ ರಕ್ತದ ತಿಳಿಯನ್ನಿಟ್ಟು, ಸ್ವಲ್ಪ ಅಸೆಟಿಕ್ ಆಮ್ಲ ಬೆರಸಿ, ಒಂದು ನಾರಿನ ಎಳೆಯನ್ನು ಅದರಲ್ಲಿ ಬಿಟ್ಟರೆ, ಆಮ್ಲದ ಅಂಶ ಹೆಚ್ಚಿರುವಲ್ಲಿ ಎಳೆಯ ಮೇಲೆ ಹರಳು ಕಟ್ಟಿಕೊಳ್ಳುತ್ತದೆ. ಸಕ್ಕರೆಯ ಪಾಕದಲ್ಲಿ ದಾರ ಇಳಿಬಿಟ್ಟು ಕಲ್ಲುಸಕ್ಕರೆ ಮಾಡುವ ಕ್ರಮವನ್ನು ಬಲ್ಲವರಿಗೆ ಇದರ ಮರ್ಮ ಒಡನೆಯೇ ತಿಳಿಯುವುದು.

ಇಷ್ಟಾದರೂ ಹರಳೇ ಉರಿಯೂತಕ್ಕೆ ಕಾರಣವೆಂದು ಸ್ಥಿರಪಡಲು ಇನ್ನೂ ಒಂದು ಶತಮಾನ ಬೇಕಾಯಿತು. ೧೯೬೧ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹಾಲೆಂಡರ್ ಎಂಬ ವೈದ್ಯರು ಗೌಟ್ ರೋಗಿಯ ಕೀಲಿನ ರಸವನ್ನು ಧ್ರುವೀಕೃತ ಬೆಳಕಿನಲ್ಲಿ ಪರೀಕ್ಷಿಸಿ ಯೂರೇಟ್ ಹರಳುಗಳನ್ನು ನಿಸ್ಸಂದಿಗ್ಧವಾಗಿ ಗುರುತಿಸಿದರು. ಮರುವರ್ಷ ಫೇರಿಸ್ ಮತ್ತು ಮೆಕಾರ್ಟಿ ಆ ಹರಳುಗಳನ್ನು ತಮ್ಮ ಮೊಣಕಾಲುಗಳಿಗೇ ಚುಚ್ಚಿಸಿಕೊಂಡು, ಕೆಲವೇ ಗಂಟೆಗಳಲ್ಲಿ ಗೌಟಿನ ಯಾತನೆಯನ್ನು ಸ್ವತಃ ಅನುಭವಿಸಿದರು. ಅದೇ ೧೯೬೨ರಲ್ಲಿ, ಗೌಟಿನಂತೆಯೇ ತೋರುತ್ತಿದ್ದ ಕೆಲವು ರೋಗಿಗಳ ಕೀಲುಗಳಲ್ಲಿ ಬೇರೆ ಜಾತಿಯ ಹರಳು, ಕ್ಯಾಲ್ಸಿಯಂ ಪೈರೊಫಾಸ್ಫೇಟ್, ಇರುವುದು ಪ್ರಕಟವಾಯಿತು. ಅದಕ್ಕೆ ಮಿಥ್ಯಾಗೌಟ್ ಎಂಬ ಹೆಸರು ಬಂತು. ರೋಗದ ಹೆಸರನ್ನು ನಿರ್ಣಯಿಸತಕ್ಕದ್ದು ನೋವಿನ ರೂಪವಲ್ಲ, ಹರಳಿನ ಜಾತಿ ಎಂಬುದು ಅಂದಿನಿಂದ ವಿದಿತವಾಯಿತು.

೩. ಹರಳು ಕಟ್ಟುವ ಕ್ರಮ

ನಮ್ಮ ಜೀವಕೋಶಗಳ ಕೇಂದ್ರದಲ್ಲಿರುವ ನ್ಯೂಕ್ಲಿಯಿಕ್ ಆಮ್ಲಗಳಲ್ಲಿ ಪ್ಯೂರಿನ್ ಎಂಬ ಅಂಶವಿದೆ. ಕೋಶಗಳು ಸತ್ತು ಹುಟ್ಟುತ್ತಿರುವಾಗ ಆ ಪ್ಯೂರಿನ್ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಇದನ್ನು ಮತ್ತಷ್ಟು ಒಡೆದು, ಸುಲಭವಾಗಿ ಕರಗುವ ಅಲಂಟೊಯಿನ್ ಆಗಿ ಮಾರ್ಪಡಿಸುತ್ತದೆ. ಮಾನವನ ಮತ್ತು ವಾನರಗಳ ಪೂರ್ವಜರು ಕೋಟ್ಯಂತರ ವರ್ಷಗಳ ಹಿಂದೆಯೇ ಈ ಕಿಣ್ವವನ್ನು ಕಳೆದುಕೊಂಡರು. ಆದ್ದರಿಂದ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಸಹಜವಾಗಿಯೇ ಕರಗುವಿಕೆಯ ಎಲ್ಲೆಯ ಸಮೀಪದಲ್ಲಿರುತ್ತದೆ.

ಆ ಎಲ್ಲೆ ಮೈಯ ಉಷ್ಣತೆಯಾದ ೩೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ೧೦೦ ಮಿಲಿಲೀಟರಿಗೆ ಸುಮಾರು ೬.೮ ಮಿಲಿಗ್ರಾಂ. ಉಷ್ಣತೆ ಇಳಿದಂತೆ ಎಲ್ಲೆಯೂ ಇಳಿಯುತ್ತದೆ. ಹೃದಯದಿಂದ ದೂರವಾಗಿ, ದೇಹದ ಉಳಿದ ಭಾಗಕ್ಕಿಂತ ತಂಪಾಗಿರುವ ಕಾಲಿನ ಹೆಬ್ಬೆರಳು, ಕಿವಿಯ ಅಂಚು ಮೊದಲಾದ ಕಡೆಗಳಲ್ಲಿ ಹರಳು ಮೊದಲು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ರಕ್ತದಲ್ಲಿ ಆಮ್ಲ ಹೆಚ್ಚಿದವರಿಗೆಲ್ಲ ಗೌಟ್ ಬರುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಪಾಕ ಗಟ್ಟಿಯಾದ ಮಾತ್ರಕ್ಕೆ ಹರಳು ಬೀಳಲೇಬೇಕೆಂಬ ನಿಯಮವಿಲ್ಲ. ಅದಕ್ಕೆ ಕಾಲ ಬೇಕು, ಅಂಟಿಕೊಳ್ಳಲು ನೆಲೆ ಬೇಕು. ಅಧಿಕ ಯೂರಿಕ್ ಆಮ್ಲವುಳ್ಳವರಲ್ಲಿ ಹೆಚ್ಚಿನವರು ಆಯುಷ್ಯವಿಡೀ ಒಂದು ದಿನವೂ ಗೌಟನ್ನು ಕಾಣದೆ ಬಾಳುತ್ತಾರೆ.

ದೇಹದಿಂದ ಈ ಆಮ್ಲ ಹೊರಹೋಗುವುದು ಮೂರರಲ್ಲಿ ಎರಡು ಭಾಗ ಮೂತ್ರಪಿಂಡಗಳ ಮೂಲಕ, ಉಳಿದದ್ದು ಕರುಳಿನ ಮೂಲಕ. ಗೌಟ್ ರೋಗಿಗಳಲ್ಲಿ ಬಹುಮಂದಿಯ ದೋಷ ಅತಿಯಾದ ಉತ್ಪತ್ತಿಯಲ್ಲ, ವಿಸರ್ಜನೆಯ ಕೊರತೆ. ಈ ಕೊರತೆ ಬಹುಮಟ್ಟಿಗೆ ವಂಶಾನುಗತವಾಗಿ ಬರುವುದು. ಮೂತ್ರಪಿಂಡದ ದೌರ್ಬಲ್ಯ, ಸ್ಥೂಲಕಾಯ, ಮದ್ಯಪಾನ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಔಷಧಗಳು ಇದನ್ನು ಹೆಚ್ಚಿಸುತ್ತವೆ. ಸ್ತ್ರೀಯರಲ್ಲಿ ಈಸ್ಟ್ರೊಜೆನ್ ಎಂಬ ಅಂತಃಸ್ರಾವ ವಿಸರ್ಜನೆಗೆ ನೆರವಾಗುವುದರಿಂದ ಮುಟ್ಟು ನಿಲ್ಲುವವರೆಗೆ ಅವರಿಗೆ ಗೌಟ್ ಬರುವುದು ವಿರಳ.

ಕೀಲಿನೊಳಗೆ ಕೂಡಿದ ಹರಳು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಪೆಟ್ಟು, ಉಪವಾಸ, ಶಸ್ತ್ರಚಿಕಿತ್ಸೆ, ಮದ್ಯ, ಬಿಸಿಲಿನಲ್ಲಿ ಬೆವರಿ ನೀರು ಬತ್ತುವುದು ಮುಂತಾದ ನಿಮಿತ್ತಗಳಿಂದ ಕೆಲವು ಹರಳುಗಳು ಸಡಿಲಗೊಂಡು ಸಂಧಿರಸದಲ್ಲಿ ತೇಲತೊಡಗಿದಾಗ ಬಿಳಿಯ ರಕ್ತಕಣಗಳು ಅವನ್ನು ನುಂಗಲೆತ್ನಿಸುತ್ತವೆ. ಆ ಕೋಶಗಳೊಳಗಿನ ಒಂದು ಪ್ರೋಟೀನು ವ್ಯೂಹ ಹರಳನ್ನು ಅಪಾಯವೆಂದು ಬಗೆದು ಇಂಟರ್‌ಲ್ಯೂಕಿನ್-೧ ಎಂಬ ಉದ್ರೇಕಕಾರಿಯನ್ನು ಹೊರಬಿಡುವುದೆಂದು ೨೦೦೬ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹುಣ್ಣಿಲ್ಲದೆ, ರೋಗಾಣುವಿಲ್ಲದೆ ಕೀಲು ಬೆಂಕಿಯಂತೆ ಉರಿಯುವುದರ ರಹಸ್ಯ ಇದು.

೪. ಲಕ್ಷಣಗಳು

ಗೌಟಿನ ಮೊದಲ ಆಕ್ರಮಣ ಸಾಮಾನ್ಯವಾಗಿ ರಾತ್ರಿಯಲ್ಲಿ ಅಥವಾ ನಸುಕಿನಲ್ಲಿ ಆಗುತ್ತದೆ. ಆರೋಗ್ಯವಾಗಿ ಮಲಗಿದ ಮನುಷ್ಯ ಕಾಲಿನ ಹೆಬ್ಬೆರಳಿನ ಬುಡ ಸಿಡಿಯುವ ನೋವಿನಿಂದ ಎಚ್ಚರಗೊಳ್ಳುತ್ತಾನೆ. ಒಂದು ದಿನದೊಳಗೆ ನೋವು ಪರಾಕಾಷ್ಠೆ ಮುಟ್ಟುತ್ತದೆ. ಕೀಲು ಕೆಂಪಗೆ ಊದಿ, ಹೊದಿಕೆಯ ಸ್ಪರ್ಶವನ್ನೂ ಸಹಿಸದು. ಮೊದಲ ಆಕ್ರಮಣಗಳಲ್ಲಿ ಸುಮಾರು ಅರ್ಧದಷ್ಟು ಹೆಬ್ಬೆರಳಿನಲ್ಲಿಯೇ ಆಗುವುವು. ಉಳಿದವು ಪಾದದ ಮಧ್ಯ, ಹರಡು, ಮೊಣಕಾಲುಗಳಲ್ಲಿ. ಔಷಧವಿಲ್ಲದಿದ್ದರೂ ಒಂದೆರಡು ವಾರಗಳಲ್ಲಿ ನೋವು ತಾನಾಗಿ ಇಳಿಯುತ್ತದೆ. ಈ ತಾನಾಗಿ ಇಳಿಯುವ ಗುಣವೇ ರೋಗಿಯನ್ನು ಮೋಸಗೊಳಿಸುವುದು. ಯಾವ ಲೇಪ ಹಚ್ಚಿದ್ದರೂ, ಯಾವ ಕಷಾಯ ಕುಡಿದಿದ್ದರೂ ಅದರಿಂದಲೇ ಗುಣವಾಯಿತೆಂದು ಆತ ನಂಬುತ್ತಾನೆ. ಹರಳು ಮಾತ್ರ ಒಳಗೇ ಉಳಿಯುತ್ತದೆ. ಆಕ್ರಮಣಗಳ ನಡುವಣ ಅಂತರ ಕ್ರಮೇಣ ಕಿರಿದಾಗಿ, ಹಲವು ವರ್ಷಗಳ ಮೇಲೆ ಕಿವಿ, ಮೊಣಕೈ, ಬೆರಳುಗಳಲ್ಲಿ ಸುಣ್ಣದಂಥ ಗಂಟುಗಳು ಕಾಣಿಸಿಕೊಂಡು, ಎಲುಬು ಕೊರೆದುಹೋಗುತ್ತದೆ.

ಮಿಥ್ಯಾಗೌಟ್ ಹೆಚ್ಚಾಗಿ ೬೦ ವರ್ಷ ದಾಟಿದವರ ರೋಗ. ಮೊಣಕಾಲು ಮತ್ತು ಮಣಿಕಟ್ಟು ಅದರ ಮುಖ್ಯ ಸ್ಥಾನಗಳು. ಕ್ಷಕಿರಣ ಚಿತ್ರದಲ್ಲಿ ಮೃದ್ವಸ್ಥಿಯ ನಡುವೆ ಸುಣ್ಣದ ತೆಳುಗೆರೆ ಕಾಣುವುದುಂಟು. ಇದು ನಡುವಯಸ್ಸಿಗೆ ಮೊದಲೇ ಬಂದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ದೇಹದಲ್ಲಿ ಕಬ್ಬಿಣದ ಅತಿಸಂಚಯ ಅಥವಾ ಮೆಗ್ನೀಸಿಯಂ ಕೊರತೆ ಇದೆಯೇ ಎಂದು ಪರೀಕ್ಷಿಸಬೇಕು. ಮೂರನೆಯ ಬಗೆಯ ಹರಳು ಎಲುಬಿನ ಲವಣವನ್ನೇ ಹೋಲುವ ಕ್ಷಾರೀಯ ಕ್ಯಾಲ್ಸಿಯಂ ಫಾಸ್ಫೇಟ್. ಇದು ಭುಜದ ಸ್ನಾಯುಬಂಧಗಳಲ್ಲಿ ಕೂಡಿ ತೋಳೆತ್ತಲಾಗದಂತೆ ಮಾಡುತ್ತದೆ. ಇದರ ಬಿಡಿ ಹರಳುಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಗೋಚರವಾಗದಷ್ಟು ಚಿಕ್ಕವು.

೫. ಗೌಟಲ್ಲದ ಕೀಲುನೋವುಗಳು

ಮೇಲ್ಕಂಡ ಚಿತ್ರಕ್ಕೆ ಹೊಂದದ ನೋವುಗಳನ್ನು ಬೇರ್ಪಡಿಸುವುದು ಅಷ್ಟೇ ಮುಖ್ಯ. ಬಡಗುತಿಟ್ಟಿನ ಯಕ್ಷಗಾನ ಕಲಾವಿದರು ರಾತ್ರಿಯಿಡೀ ಕುಣಿದು, ಮಂಡಿಯೂರಿ ಸುತ್ತುವುದನ್ನು ಈ ಸೀಮೆಯವರೆಲ್ಲ ಕಂಡಿದ್ದಾರೆ. ಹೀಗೆ ದುಡಿದ ಮೊಣಕಾಲು ವಯಸ್ಸಾದಂತೆ ನಡೆದಾಗ ನೋಯುವುದು, ಕುಳಿತರೆ ಇಳಿಯುವುದು ಸವೆತದ ಲಕ್ಷಣ, ಹರಳಿನದಲ್ಲ. ೨೦೦೬ರಲ್ಲಿ ಕರ್ನಾಟಕವನ್ನು ವ್ಯಾಪಿಸಿದ ಚಿಕೂನ್‌ಗುನ್ಯಾ ಜ್ವರ ಅನೇಕರ ಕೀಲುಗಳನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿತು. ಅದಕ್ಕೆ ಕಾರಣ ವಿಷಾಣು. ಎರಡೂ ಕೈಗಳ ಬೆರಳು ಕೀಲುಗಳು ಸಮನಾಗಿ ಊದಿ ಬೆಳಗಿನ ಹೊತ್ತು ಬಿಗಿದುಕೊಳ್ಳುವುದು ಆಮವಾತದ ಕುರುಹು. ಎಲ್ಲಕ್ಕಿಂತ ಎಚ್ಚರವಿರಬೇಕಾದುದು ಕೀವುಗಟ್ಟಿದ ಕೀಲಿನಲ್ಲಿ. ಜ್ವರದೊಡನೆ ಒಂದೇ ಕೀಲು ಊದಿದಾಗ ಅದು ಗೌಟೂ ಆಗಿರಬಹುದು, ರೋಗಾಣುಬಾಧೆಯೂ ಆಗಿರಬಹುದು, ಎರಡೂ ಒಟ್ಟಿಗೇ ಇರಲೂಬಹುದು. ರೋಗಾಣುಬಾಧೆಯಲ್ಲಿ ಕೆಲವು ದಿನಗಳ ವಿಳಂಬವೂ ಕೀಲನ್ನು ಶಾಶ್ವತವಾಗಿ ಹಾಳುಮಾಡುತ್ತದೆ.

ಹೆಸರಿಡುವಲ್ಲಿ ಅವಸರ ಸಲ್ಲದೆಂಬುದಕ್ಕೆ ಘಟ್ಟದ ಮೇಲಿನ ನಿದರ್ಶನವೊಂದಿದೆ. ಬೈಂದೂರು, ಕೊಲ್ಲೂರುಗಳಿಂದ ಘಟ್ಟವೇರಿದರೆ ಸಿಗುವ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೪-೭೫ರ ಸುಮಾರಿಗೆ ಬಡ ಕೃಷಿಕಾರ್ಮಿಕ ಕುಟುಂಬಗಳ ಅನೇಕರು ಸೊಂಟ, ಮೊಣಕಾಲುಗಳ ತೀವ್ರ ನೋವಿನಿಂದ ನಡೆಯಲಾರದವರಾದುದು ಬೆಳಕಿಗೆ ಬಂತು. ಗದ್ದೆಯ ಏಡಿ, ಮೀನುಗಳಲ್ಲಿ ಸೇರಿದ ಕೀಟನಾಶಕವೇ ಕಾರಣವಿರಬಹುದೆಂಬ ಶಂಕೆ ಆರಂಭದಲ್ಲಿ ಬಲವಾಗಿತ್ತು. ಎಲುಬಿನ ಚಿತ್ರಗಳನ್ನೂ ವಂಶಾವಳಿಗಳನ್ನೂ ಕೂಲಂಕಷವಾಗಿ ಪರಿಶೀಲಿಸಿದ ಮೇಲೆ, ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ, ಎಲುಬಿನ ತುದಿಗಳ ಬೆಳವಣಿಗೆಯ ದೋಷವೆಂದು ತಿಳಿದುಬಂತು. ಹಂದಿಗೋಡು ರೋಗ ಹರಳಿನ ರೋಗವಲ್ಲ. ಆದರೂ ಅದು ಕಲಿಸುವ ಪಾಠ ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುತ್ತದೆ: ರೋಗಿಯ ತಟ್ಟೆಯನ್ನು ನೋಡಿ ಊಹಿಸುವುದಕ್ಕಿಂತ ರೋಗಿಯ ಕೀಲನ್ನು ನೋಡಿ ತಿಳಿಯುವುದು ಮೇಲು.

೬. ಸಂಧಿರಸದ ಪರೀಕ್ಷೆ

ಗೌಟಿನ ನಿಶ್ಚಿತ ಪ್ರಮಾಣ ಸಂಧಿರಸದಲ್ಲಿ ಯೂರೇಟ್ ಹರಳನ್ನು ಕಾಣುವುದು. ರಕ್ತದ ಅಂಕಿ ಇದಕ್ಕೆ ಬದಲಾಗದು. ಆಕ್ರಮಣದ ಸಮಯದಲ್ಲಿ ರಕ್ತದ ಯೂರಿಕ್ ಆಮ್ಲ ತಾತ್ಕಾಲಿಕವಾಗಿ ಇಳಿದು ಸಹಜವಾಗಿ ತೋರುವುದುಂಟು; ಆದುದರಿಂದ ನೋವು ಶಮನವಾದ ಎರಡು ವಾರಗಳ ತರುವಾಯ ಮತ್ತೆ ಅಳೆಯುವುದು ಯುಕ್ತ. ವೈದ್ಯರು ಶುದ್ಧವಾದ ಸೂಜಿಯಿಂದ ಕೀಲಿನ ರಸವನ್ನು ಹೊರತೆಗೆದು, ಒಂದು ಭಾಗವನ್ನು ರೋಗಾಣು ಪರೀಕ್ಷೆಗೆ, ಒಂದು ಭಾಗವನ್ನು ಕೋಶಗಳ ಎಣಿಕೆಗೆ, ಒಂದು ತೊಟ್ಟನ್ನು ಹರಳಿನ ಪರೀಕ್ಷೆಗೆ ಮೀಸಲಿಡುತ್ತಾರೆ. ಹರಳಿಗೆ ಬಣ್ಣ ಕಟ್ಟಬೇಕಾಗಿಲ್ಲ. ಗಾಜಿನ ಪಟ್ಟಿಯ ಮೇಲೆ ತೊಟ್ಟನ್ನಿಟ್ಟು, ತೆಳುಗಾಜು ಮುಚ್ಚಿದರೆ ಆಯಿತು.

ಧ್ರುವೀಕರಣದ ತತ್ತ್ವ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಎರಡು ಧ್ರುವಕ ಫಲಕಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟರೆ ಬೆಳಕು ನಿಂತುಹೋಗುತ್ತದೆ. ನಡುವೆ ದ್ವಿವಕ್ರೀಭವನ ಗುಣವುಳ್ಳ ಹರಳಿದ್ದರೆ ಅದು ಬೆಳಕಿನ ಕಂಪನದಿಕ್ಕನ್ನು ಮಾರ್ಪಡಿಸುವುದರಿಂದ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುತ್ತದೆ. ಯೂರೇಟ್ ಹರಳು ಸೂಜಿಯಂತೆ ಮೊನಚಾಗಿ, ತುಂಬ ಪ್ರಕಾಶವಾಗಿ ಕಾಣುತ್ತದೆ. ಆಕ್ರಮಣದ ಕಾಲದಲ್ಲಿ ಬಿಳಿಯ ಕಣಗಳ ಒಳಗೇ ಸಿಕ್ಕಿಕೊಂಡಿರುತ್ತದೆ. ಕೆಂಪು ಪೂರಕ ಫಲಕವನ್ನು ಸೇರಿಸಿದರೆ, ಫಲಕದ ಅಕ್ಷಕ್ಕೆ ಸಮಾಂತರವಾಗಿರುವ ಯೂರೇಟ್ ಸೂಜಿ ಹಳದಿಯಾಗಿಯೂ ಲಂಬವಾಗಿರುವುದು ನೀಲಿಯಾಗಿಯೂ ತೋರುತ್ತದೆ. ಪೈರೊಫಾಸ್ಫೇಟ್ ಹರಳು ಓರೆಚೌಕದ ಅಥವಾ ಮೊಂಡುಕಡ್ಡಿಯ ಆಕಾರದ್ದು. ಅದರ ಹೊಳಪು ಮಂದ, ಬಣ್ಣಗಳ ಕ್ರಮ ತಿರುವುಮುರುವು.

ಇದಕ್ಕೆ ಬೇಕಾದ ಉಪಕರಣ ದುರ್ಲಭವಲ್ಲವೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಭೂವಿಜ್ಞಾನ ವಿಭಾಗಗಳಲ್ಲಿ ಶಿಲೆಗಳ ತೆಳುಪದರಗಳನ್ನು ನೋಡಲು ಬಳಸುವ ಸೂಕ್ಷ್ಮದರ್ಶಕ ಇದೇ ತತ್ತ್ವದ್ದು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೂ ದೀಪದ ಮೇಲೊಂದು, ಕಣ್ಣಿನ ಮಸೂರದ ಮೇಲೊಂದು ಧ್ರುವಕ ಹಾಳೆಯ ತುಂಡನ್ನಿಟ್ಟು ಕೆಲಸ ಸಾಗಿಸಬಹುದು. ಪಾರದರ್ಶಕ ಅಂಟುಪಟ್ಟಿಯ ಪದರಗಳನ್ನು ಗಾಜಿನ ಮೇಲೆ ಹಚ್ಚಿ ಪೂರಕ ಫಲಕದ ಬದಲಿಗೆ ಬಳಸಿದವರೂ ಉಂಟು. ಅಭ್ಯಾಸಕ್ಕಾಗಿ ಯೂರಿಕ್ ಆಮ್ಲವನ್ನು ಬಿಸಿಯಾದ ಸೌಮ್ಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಆಮ್ಲ ಬೆರಸಿ ಕ್ಷಾರತೆಯನ್ನು ತಗ್ಗಿಸಿ, ನಿಧಾನವಾಗಿ ತಣಿಸಿದರೆ ಯೂರೇಟ್ ಸೂಜಿಗಳು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ದೊರೆಯುವುವು. ರೋಗನಿರ್ಣಯ ವೈದ್ಯರ ಕೆಲಸ. ಆದರೆ ಹರಳನ್ನು ಗುರುತಿಸುವ ಕಣ್ಣು ಅಭ್ಯಾಸದಿಂದ ಬರುವಂಥದು. ಆ ಅಭ್ಯಾಸಕ್ಕೆ ಕಾಲೇಜು ತಕ್ಕ ಸ್ಥಳ.

ಯೂರೇಟ್ ಹರಳು ಬೇಗ ಕೆಡುವ ವಸ್ತುವಲ್ಲ. ಮಣಿಪಾಲದಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕುಂದಾಪುರದಿಂದ ಸುಮಾರು ೪೦ ಕಿಲೋಮೀಟರ್ ದೂರದಲ್ಲಿದೆ. ಬೈಂದೂರಿನಲ್ಲಿ ಬೆಳಿಗ್ಗೆ ತೆಗೆದ ರಸ ಅಂದೇ ದೊಡ್ಡ ಪ್ರಯೋಗಶಾಲೆಯನ್ನು ತಲುಪಿದರೆ ಪರೀಕ್ಷೆಗೆ ಅಡ್ಡಿಯಿಲ್ಲ. ಗಂಟನ್ನು ಕತ್ತರಿಸಿ ತೆಗೆದಾಗ ಮಾತ್ರ ಅದನ್ನು ಫಾರ್ಮಲಿನ್ನಿನಲ್ಲಿ ಇಡದೆ ಶುದ್ಧ ಆಲ್ಕೊಹಾಲಿನಲ್ಲಿ ಇಡಬೇಕು. ಫಾರ್ಮಲಿನ್ನಿನ ನೀರಿನಲ್ಲಿ ಹರಳು ಕರಗಿ ಸಾಕ್ಷ್ಯವೇ ಮಾಯವಾಗುವುದು. ರಸ ತೆಗೆಯಲು ಸಾಧ್ಯವಾಗದಲ್ಲಿ ಶ್ರವಣಾತೀತ ಧ್ವನಿಯ ಚಿತ್ರದಿಂದ ಮೃದ್ವಸ್ಥಿಯ ಮೇಲೆ ಹರಳಿನ ಲೇಪವನ್ನು ಕಾಣಬಹುದು.

೭. ಚಿಕಿತ್ಸೆ

ಚಿಕಿತ್ಸೆಯಲ್ಲಿ ಎರಡು ಭಾಗಗಳು. ಮೊದಲನೆಯದು ಉರಿಯನ್ನು ಆರಿಸುವುದು. ಎರಡನೆಯದು ಸೌದೆಯನ್ನು ತೆಗೆಯುವುದು.

ಉರಿಯನ್ನು ಆರಿಸಲು ಮೂರು ಬಗೆಯ ಔಷಧಗಳಿವೆ: ಕಾಲ್ಚಿಸಿನ್, ಸ್ಟೀರಾಯ್ಡೇತರ ನೋವುಶಾಮಕಗಳು, ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡುಗಳು. ಯಾವುದಾದರೂ ಸರಿಯೆ, ಆಕ್ರಮಣ ಆರಂಭವಾದೊಡನೆ ಕೊಟ್ಟರೆ ಗುಣ ಹೆಚ್ಚು. ಕಾಲ್ಚಿಸಿನ್ನನ್ನು ಮೊದಲ ೧೨ ಗಂಟೆಗಳೊಳಗೆ ೧ ಮಿಲಿಗ್ರಾಂ, ಒಂದು ಗಂಟೆಯ ಮೇಲೆ ೦.೫ ಮಿಲಿಗ್ರಾಂ ಕೊಡುವುದು ಅಂಗೀಕೃತ ಕ್ರಮ. ವಾಂತಿ, ಭೇದಿಯಾಗುವವರೆಗೂ ನುಂಗಿಸುತ್ತಿದ್ದ ಹಳೆಯ ಪದ್ಧತಿಯನ್ನು ಕೈಬಿಡಲಾಗಿದೆ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಪ್ರಮಾಣ ಇನ್ನೂ ಕಡಿಮೆಯಾಗಬೇಕು. ನೋವುಶಾಮಕಗಳು ಮೂತ್ರಪಿಂಡದ ರೋಗಿಗಳಿಗೆ ವರ್ಜ್ಯ. ಅಂಥವರಿಗೆ ಅಲ್ಪಾವಧಿಯ ಸ್ಟೀರಾಯ್ಡ್ ಉತ್ತಮ. ಮಧುಮೇಹವಿದ್ದಲ್ಲಿ ಸಕ್ಕರೆಯ ಮೇಲೆ ಕಣ್ಣಿಟ್ಟಿರಬೇಕು. ಕೀಲಿಗೆ ವಿಶ್ರಾಂತಿ ಮತ್ತು ಮಂಜುಗಡ್ಡೆಯ ಶೈತ್ಯ ಸಹಾಯಕ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಾಲ್ಚಿಸಿನ್ ಎಂಬ ಕ್ಷಾರಸತ್ತ್ವವನ್ನು ೧೮೨೦ರಲ್ಲಿ ಬೇರ್ಪಡಿಸಿದ್ದು ಯುರೋಪಿನ ಕಾಲ್ಚಿಕಂ ಗಿಡದಿಂದ. ಅದೇ ಸತ್ತ್ವ ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಹೂಬಿಡುವ ಅಗ್ನಿಶಿಖೆಯ, ಎಂದರೆ ಗೌರಿಹೂವಿನ, ಗೆಡ್ಡೆಯಲ್ಲಿಯೂ ಇದೆ. ಗೆಡ್ಡೆಯಿಂದ ಗೆಡ್ಡೆಗೆ ವಿಷದ ಅಂಶ ವ್ಯತ್ಯಾಸವಾಗುತ್ತದೆ. ಮದ್ದಿಗೂ ಮರಣಕ್ಕೂ ನಡುವಣ ಅಂತರ ಕಿರಿದು. ಅದನ್ನು ತಿಂದವರಲ್ಲಿ ವಾಂತಿಭೇದಿ ಆರಂಭವಾಗಿ, ಮುಂದೆ ಅಸ್ಥಿಮಜ್ಜೆಯೇ ನಿಷ್ಕ್ರಿಯವಾಗಿ ಪ್ರಾಣಹಾನಿಯಾದ ದೃಷ್ಟಾಂತಗಳು ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ದಾಖಲಾಗಿವೆ. ಮನೆಮದ್ದಾಗಿ ಅದನ್ನು ಮುಟ್ಟಲೇ ಬಾರದು.

ಸೌದೆಯನ್ನು ತೆಗೆಯುವ ಔಷಧಗಳಲ್ಲಿ ಅಲೊಪ್ಯೂರಿನಾಲ್ ಪ್ರಧಾನ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಸಂಶೋಧನಾಲಯದಿಂದ ಬಂದ ಈ ಔಷಧ ೧೯೬೬ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅಂಗೀಕೃತವಾಯಿತು. ಅವರಿಬ್ಬರೂ ೧೯೮೮ರ ನೊಬೆಲ್ ಪಾರಿತೋಷಿಕದಲ್ಲಿ ಭಾಗಿಗಳಾದರು. ಪ್ಯೂರಿನ್ ಯೂರಿಕ್ ಆಮ್ಲವಾಗುವ ಕೊನೆಯ ಹಂತದ ಕಿಣ್ವವನ್ನು ಇದು ತಡೆಯುತ್ತದೆ. ದಿನಕ್ಕೆ ೧೦೦ ಮಿಲಿಗ್ರಾಮಿಗೆ ಮೀರದಂತೆ ಆರಂಭಿಸಿ, ಕೆಲವು ವಾರಗಳಿಗೊಮ್ಮೆ ಏರಿಸುತ್ತ, ರಕ್ತದ ಅಂಕಿ ೬ ಮಿಲಿಗ್ರಾಮಿಗಿಂತ ಕೆಳಗೆ ಇಳಿಯುವ ತನಕ ಮುಂದುವರಿಸುವುದು ಕ್ರಮ. ಗಂಟುಗಳಿರುವವರಲ್ಲಿ ೫ಕ್ಕಿಂತ ಕೆಳಗೆ ಇಳಿಸಿದರೆ ಬೇಗ ಕರಗುವುವು. ಅಂಕಿ ಕರಗುವಿಕೆಯ ಎಲ್ಲೆಗಿಂತ ಕೆಳಗಿದ್ದರೆ ಕೂಡಿಕೊಂಡ ಹರಳು ಮೆಲ್ಲಮೆಲ್ಲನೆ ರಕ್ತಕ್ಕೆ ಮರಳಿ ಹೊರಹೋಗಲೇ ಬೇಕು. ಇದು ಕೇವಲ ರಸಾಯನಶಾಸ್ತ್ರ. ಆದರೆ ಈ ಕೆಲಸ ತಿಂಗಳುಗಳದು, ಕೆಲವೊಮ್ಮೆ ವರ್ಷಗಳದು.

ರೋಗಿಗಳು ಈ ಔಷಧವನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿ ಮೊದಲ ತಿಂಗಳುಗಳಲ್ಲಿ. ಹರಳು ಕರಗತೊಡಗಿದಾಗ ಸಡಿಲಗೊಂಡು, ಒಂದೆರಡು ಬಾರಿ ನೋವು ಮರುಕಳಿಸುವುದುಂಟು. ಔಷಧ ಮೈಗೆ ಒಗ್ಗಲಿಲ್ಲವೆಂದು ರೋಗಿ ಭಾವಿಸುತ್ತಾನೆ. ವಸ್ತುತಃ ಅದು ಔಷಧ ಕೆಲಸ ಮಾಡುತ್ತಿರುವುದರ ಕುರುಹು. ಇದನ್ನು ತಡೆಯಲೆಂದೇ ಮೊದಲ ಮೂರರಿಂದ ಆರು ತಿಂಗಳು ಅಲ್ಪಪ್ರಮಾಣದ ಕಾಲ್ಚಿಸಿನ್ನನ್ನು ಜೊತೆಗೆ ಕೊಡುತ್ತಾರೆ. ಈ ಮಾತನ್ನು ಮೊದಲೇ ತಿಳಿಸಿ ಹೇಳಿದ ವೈದ್ಯರ ರೋಗಿ ಔಷಧವನ್ನು ಬಿಡುವುದಿಲ್ಲ. ಆದರೆ ಅಲೊಪ್ಯೂರಿನಾಲ್ ಆರಂಭಿಸಿದ ಮೇಲೆ ಮೈಯಲ್ಲಿ ದದ್ದು, ಜ್ವರ, ಬಾಯಿಹುಣ್ಣು ಕಂಡರೆ ಒಡನೆಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅಪರೂಪವಾದರೂ ಅದು ಪ್ರಾಣಾಂತಿಕವಾದ ಪ್ರತಿಕ್ರಿಯೆ. ಇದು ಸಲ್ಲದವರಿಗೆ ಫೆಬುಕ್ಸೊಸ್ಟಾಟ್ ಮೊದಲಾದ ಬೇರೆ ಔಷಧಗಳಿವೆ.

ಪೈರೊಫಾಸ್ಫೇಟ್ ಹರಳನ್ನು ಕರಗಿಸುವ ಔಷಧವಿಲ್ಲ. ಅಲ್ಲಿ ಕೀಲಿನ ರಸವನ್ನು ತೆಗೆದು ಸ್ಟೀರಾಯ್ಡ್ ಚುಚ್ಚುವುದು, ಕಾಲ್ಚಿಸಿನ್ ಕೊಡುವುದು, ಮೂಲದ ದೋಷವನ್ನು ಸರಿಪಡಿಸುವುದು ಇವಿಷ್ಟೇ ಉಪಾಯ. ಅಂಥ ರೋಗಿಗೆ ಅಲೊಪ್ಯೂರಿನಾಲ್ ಕೊಡುವುದು ನಿರರ್ಥಕ. ಹರಳಿನ ಜಾತಿಯನ್ನು ತಿಳಿಯಬೇಕೆಂದು ನಾವು ಆಗ್ರಹಿಸುವುದಕ್ಕೆ ಇದೇ ಕಾರಣ.

೮. ಆಹಾರ ಮತ್ತು ಪ್ರಾದೇಶಿಕ ವಿಚಾರ

ಕರಾವಳಿಯಲ್ಲಿ ಗೌಟಿನ ಹೆಸರೆತ್ತಿದೊಡನೆ ದೂಷಣೆಗೆ ಗುರಿಯಾಗುವುದು ಮೀನು. ಬೂತಾಯಿ, ಬಂಗುಡೆ, ಚಟ್ಲಿ, ಮರುವಾಯಿಗಳಲ್ಲಿ ಪ್ಯೂರಿನ್ ಸಾಕಷ್ಟಿದೆ ಎಂಬುದು ನಿಜ. ೨೦೦೪ರಲ್ಲಿ ಪ್ರಕಟವಾದ, ೪೭ ಸಾವಿರಕ್ಕೂ ಹೆಚ್ಚು ಅಮೆರಿಕನ್ ಪುರುಷರನ್ನು ೧೨ ವರ್ಷ ಗಮನಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಮೀನು ಹೆಚ್ಚು ತಿನ್ನುವವರಿಗೆ ಗೌಟಿನ ಸಂಭವ ಹೆಚ್ಚೆಂದು ಕಂಡಿತು. ಆದರೆ ಅದೇ ಅಧ್ಯಯನದಲ್ಲಿ ಪ್ಯೂರಿನ್ ಅಧಿಕವಾಗಿರುವ ತರಕಾರಿ, ಬೇಳೆಕಾಳುಗಳಿಂದ ಸಂಭವ ಹೆಚ್ಚಲಿಲ್ಲ; ಹಾಲುಮಜ್ಜಿಗೆಗಳಂಥ ಪದಾರ್ಥಗಳಿಂದ ಕಡಿಮೆಯಾಯಿತು. ಬೇಳೆ, ಟೊಮ್ಯಾಟೊಗಳನ್ನು ಬಿಡಿಸುವ ರೂಢಿಗೆ ಆಧಾರವಿಲ್ಲ.

ದೇಹದಲ್ಲಿರುವ ಯೂರಿಕ್ ಆಮ್ಲದ ಹೆಚ್ಚಿನ ಪಾಲು ಹುಟ್ಟುವುದು ಆಹಾರದಿಂದಲ್ಲ, ನಮ್ಮದೇ ಜೀವಕೋಶಗಳಿಂದ. ಎಷ್ಟು ಕಟ್ಟುನಿಟ್ಟಾದ ಪಥ್ಯವಾದರೂ ರಕ್ತದ ಅಂಕಿಯನ್ನು ಸಾಮಾನ್ಯವಾಗಿ ೧ ಮಿಲಿಗ್ರಾಮಿನಷ್ಟು ಮಾತ್ರ ಇಳಿಸಬಲ್ಲುದು. ೯ ಇರುವವನು ೮ಕ್ಕೆ ಬಂದರೆ ಹರಳು ಕರಗುವುದಿಲ್ಲ. ಗಂಗೊಳ್ಳಿ, ಮರವಂತೆಗಳ ಮೀನುಗಾರ ಮೀನು ಬಿಟ್ಟರೆ, ತನ್ನ ಊಟದಲ್ಲಿ ಅಗ್ಗವಾಗಿ ದೊರೆಯುವ ಪುಷ್ಟಿಯನ್ನು ಕಳೆದುಕೊಂಡ ಹಾಗಾಯಿತೇ ಹೊರತು ರೋಗವನ್ನು ಕಳೆದುಕೊಂಡ ಹಾಗಾಗಲಿಲ್ಲ. ಮೀನು ಮುಟ್ಟದ ಶಾಕಾಹಾರಿಗಳಿಗೂ ಗೌಟ್ ಬರುವುದುಂಟು. ಆದಕಾರಣ ಮಿತಿಯಿರಲಿ, ಆಕ್ರಮಣದ ದಿನಗಳಲ್ಲಿ ಮರುವಾಯಿ, ಚಟ್ಲಿ, ಪ್ರಾಣಿಗಳ ಯಕೃತ್ತು ಮೊದಲಾದವನ್ನು ಬಿಡಲಿ, ನಿತ್ಯದ ಮೀನಿನ ಸಾರನ್ನು ಅಪರಾಧಿಯಾಗಿ ಮಾಡುವುದು ಬೇಡ. ನಿಜವಾಗಿ ದೂರವಿರಿಸಬೇಕಾದವು ಮದ್ಯ, ವಿಶೇಷವಾಗಿ ಬೀರು ಮತ್ತು ಸಾರಾಯ ಜಾತಿಯವು, ಹಾಗೂ ಸಕ್ಕರೆ ತುಂಬಿದ ತಂಪುಪಾನೀಯಗಳು. ಚೈತ್ರ ವೈಶಾಖದ ಬಿಸಿಲಿನಲ್ಲಿ ಗದ್ದೆಯಲ್ಲಿಯೂ ದೋಣಿಯಲ್ಲಿಯೂ ದುಡಿಯುವವರು ಧಾರಾಳವಾಗಿ ನೀರು, ಮಜ್ಜಿಗೆ ಕುಡಿಯುವುದು ಕೀಲಿಗೂ ಮೂತ್ರಪಿಂಡಕ್ಕೂ ಹಿತ.

ನೋವಿನ ಗುಳಿಗೆಯ ವಿಷಯದಲ್ಲಿ ಮಾತ್ರ ನಾವು ಕಠಿಣವಾಗಿ ಹೇಳಬೇಕಾಗಿದೆ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗಿದ ನೋವುಶಾಮಕ ಮೂತ್ರಪಿಂಡವನ್ನು ಕುಂದಿಸುತ್ತದೆ. ಕುಂದಿದ ಮೂತ್ರಪಿಂಡ ಯೂರಿಕ್ ಆಮ್ಲವನ್ನು ಹೊರಹಾಕಲಾರದು. ಆಮ್ಲ ಹೆಚ್ಚಿ ಹರಳು ಹೆಚ್ಚುತ್ತದೆ. ಹರಳು ಹೆಚ್ಚಿ ಗುಳಿಗೆ ಹೆಚ್ಚುತ್ತದೆ. ಹೆಸರು, ಅಳತೆ ಏನೂ ಬರೆಯದ ಪುಡಿಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವೂ ಉಂಟು. ಈ ಚಕ್ರವನ್ನು ಮುರಿಯುವ ಸಾಧನ ದುಬಾರಿಯಾದುದಲ್ಲ: ಒಂದು ತೊಟ್ಟು ಸಂಧಿರಸದ ಪರೀಕ್ಷೆ, ಕಾಲಕಾಲಕ್ಕೆ ರಕ್ತದ ಅಳತೆ, ಅಲ್ಪಬೆಲೆಯ ಒಂದು ಗುಳಿಗೆ.

೯. ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಎಲ್ಲ ಕೀಲುನೋವೂ ಗೌಟಲ್ಲ. ಅಧಿಕ ಯೂರಿಕ್ ಆಮ್ಲವೆಲ್ಲ ರೋಗವಲ್ಲ. ಇದ್ದಕ್ಕಿದ್ದಂತೆ ಊದಿದ ಒಂಟಿ ಕೀಲಿನ ರಸವನ್ನು ಪರೀಕ್ಷಿಸದೆ ಬಿಡಬಾರದು. ಹರಳು ಕಂಡರೂ ರೋಗಾಣುವನ್ನು ಹುಡುಕಬೇಕು. ನೋವಿನ ಶಮನ ಚಿಕಿತ್ಸೆಯ ಆರಂಭವೇ ಹೊರತು ಅಂತ್ಯವಲ್ಲ. ಅಂಕಿಯನ್ನು ೬ಕ್ಕಿಂತ ಕೆಳಗೆ ಇಳಿಸಿ, ಅಲ್ಲಿಯೇ ನಿಲ್ಲಿಸಿದರೆ ಗೌಟ್ ವಾಸಿಯಾದಂತೆಯೇ.

ಅಧ್ಯಾಪಕರಲ್ಲಿ ನಮ್ಮದೊಂದು ವಿಜ್ಞಾಪನೆ. ಭೌತಶಾಸ್ತ್ರದ ಧ್ರುವೀಕರಣ, ರಸಾಯನಶಾಸ್ತ್ರದ ಪರ್ಯಾಪ್ತ ದ್ರಾವಣ, ಜೀವಶಾಸ್ತ್ರದ ಬಿಳಿಯ ರಕ್ತಕಣ ಇವು ಮೂರೂ ಒಂದೇ ಕೀಲಿನಲ್ಲಿ ಕೂಡಿಬರುವ ವಿಷಯ ಇದು. ತರಗತಿಯಲ್ಲಿ ಇದನ್ನು ನಿದರ್ಶನವಾಗಿ ಎತ್ತಿಕೊಂಡರೆ ಪಾಠ ಸುಲಭವಾಗುತ್ತದೆ. ಅದಕ್ಕಿಂತಲೂ ಮಿಗಿಲಾಗಿ, ಮನೆಯಲ್ಲಿ ಹಿರಿಯರೊಬ್ಬರು ಕಾಲು ಹಿಡಿದುಕೊಂಡು ಕುಳಿತಾಗ, ಅಂಗಡಿಯ ಗುಳಿಗೆಯನ್ನು ಬದಿಗಿರಿಸಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ವಿವೇಕ ವಿದ್ಯಾರ್ಥಿಗೆ ಬರುತ್ತದೆ. ಈ ಬರಹದಿಂದ ನಾವು ಬಯಸುವ ಫಲವೂ ಅಷ್ಟೇ.